ಗೋಡೆಯಾಚೆಯ ಪಾಠ

ತಮ್ಮನ ಹತ್ತಿರ ಇಂಗ್ಲಿಷ್ ಕಲಿಯುತ್ತಿದ್ದ ನರ್ಸು ಬಾಗಿಲು ತಟ್ಟಿದಾಗ ನಾನು ಕನ್ನಡಕ ಒರೆಸುತ್ತಿದ್ದೆ. ಬಾಗಿಲು ತೆಗೆದೆ. ಅವಳು ಒಳಗೆ ಬರಲಿಲ್ಲ.

“ದೊಡ್ಡ ಸಾರ್, ಚಪ್ಪಲಿ ಹಾಕ್ಕೊಳ್ಳಿ” ಎಂದಳು.

“ಯಾಕಮ್ಮಾ, ನಿಮ್ಮ ಸಾರ್‌ಗೆ ಮತ್ತೆ ಸೀಮೆಸುಣ್ಣ ಮುಗೀತಾ?”

“ಚಪ್ಪಲಿ ಹಾಕ್ಕೊಳ್ಳಿ.”

ಆಸ್ಪತ್ರೆಯಲ್ಲಿ ಎಷ್ಟೋ ಮನೆಯವರಿಗೆ ಇಂಥ ಸುದ್ದಿ ಕೊಟ್ಟು ಪಳಗಿದವಳು. ಆದರೂ ಆ ದಿನ ಅವಳ ಬಾಯಿಗೆ ಬೇರೆ ಮಾತು ಬರಲಿಲ್ಲ. ಅಡುಗೆಮನೆಯಿಂದ ತಮ್ಮನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ನರ್ಸಿನ ಮುಖ ನೋಡಿದಳು. ಚಪ್ಪಲಿಯ ಗೊಡವೆಯೇ ಇಲ್ಲದೆ ನನಗಿಂತ ಮುಂಚೆ ಬೀದಿಗೆ ಇಳಿದುಬಿಟ್ಟಳು.

ತಮ್ಮನ ತರಗತಿ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಬೀಗ ಮೊಳೆ ಮಾರುವ ಅಂಗಡಿಯ ಮಹಡಿಯಲ್ಲಿ. ನಾನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಾಗ ಅವನು ಮೇಜಿಗೂ ಮೊದಲ ಬೆಂಚಿಗೂ ನಡುವೆ ಬಿದ್ದಿದ್ದ. ತಲೆಯ ಹಿಂಭಾಗ ಮೇಜಿನ ಕಬ್ಬಿಣದ ಕಾಲಿಗೆ ಬಡಿದು ಒಡೆದಿತ್ತು. ಅವನ ಹೆಂಡತಿ ಆ ತಲೆಯನ್ನು ಮಡಿಲಿಗೆ ಎಳೆದುಕೊಂಡು ಕೂತಿದ್ದಳು. ಸಂಜೆಯ ಪಾಠಕ್ಕೆ ಬಂದಿದ್ದ ಟ್ಯಾಕ್ಸಿ ಡ್ರೈವರ್ ಅವನ ಕಾಲುಗಳನ್ನು ಹಿಡಿದು, “ಎತ್ತಿ, ಗಾಡಿ ಕೆಳಗಿದೆ, ಎತ್ತಿ” ಎನ್ನುತ್ತಿದ್ದ. ಎತ್ತಿದೆವು. ಎತ್ತುವಾಗಲೇ ನನಗೆ ತಿಳಿಯಿತು. ಮಗುವಾಗಿದ್ದಾಗ ಎತ್ತಿ ಆಡಿಸಿದ ಮೈ ಅದು. ಅದರಲ್ಲಿ ಅವನಿರಲಿಲ್ಲ.

ಗೋಡೆಯ ಮೇಲೆ ಅವನು ಪಾಠಕ್ಕೆಂದು ಮಾಡಿಸಿದ್ದ ಇಂಗ್ಲಿಷ್ ಕ್ರಿಯಾಪದಗಳ ದೊಡ್ಡ ಪಟ ತೂಗುತ್ತಿತ್ತು. ನಾನು ದುಡಿಯುತ್ತಿದ್ದ ಅಚ್ಚುಕೂಟದಲ್ಲೇ ಅಚ್ಚಾದದ್ದು. ಮೂರು ಸಾಲು: ಈಗಿನದು, ಆಗಿಹೋದದ್ದು, ಆಗಿ ಮುಗಿದದ್ದು. ಗೋ, ವೆಂಟ್, ಗಾನ್. ಫಾಲ್, ಫೆಲ್, ಫಾಲನ್. ಅದನ್ನು ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಅವನು ಎಡವಿ ಬಿದ್ದಿರಲಿಲ್ಲ, ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದ್ದರು ಎಂದು ವೈದ್ಯರು ಹೇಳಿದರು. ಅಂತ್ಯಕ್ರಿಯೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಪೊಲೀಸರು ನನ್ನ ಮಗನನ್ನು ಕರೆದುಕೊಂಡು ಹೋಗಿದ್ದರು.

*

ಇಂದು ಬೆಳಗ್ಗೆ ಆ ಕೋಣೆಯ ಕಸ ಗುಡಿಸಲು ಹೋದೆ. ಪೊಲೀಸರು ಬೀಗ ತೆಗೆದುಕೊಟ್ಟಿದ್ದರು. ಮನೆಯಲ್ಲಿ ಕೂರಲಾಗುತ್ತಿರಲಿಲ್ಲ, ಅಲ್ಲಿಯೂ ನಿಲ್ಲಲಾಗಲಿಲ್ಲ. ಪೊರಕೆ ಹಿಡಿದು ಬೆಂಚುಗಳ ಸಂದಿಯಲ್ಲಿ ಅತ್ತಿಂದಿತ್ತ ಓಡಾಡಿದೆ. ತಗಡಿನ ಚಾವಣಿ ಬೆಳಗ್ಗೆಯೇ ಕಾದಿತ್ತು. ಆ ಕಾವಿನಿಂದಾಗಿಯೇ ಸಾವು ಯಾವ ಹೊತ್ತಿಗೆ ಆಯಿತೆಂದು ವೈದ್ಯರಿಗೆ ಖಚಿತವಾಗಿ ಹೇಳಲು ಆಗಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಟೈಲರ್ ಬಾಗಿಲಲ್ಲಿ ಕಾಣಿಸಿಕೊಂಡ. ಕುತ್ತಿಗೆಯಲ್ಲಿ ಅಳತೆಯ ಪಟ್ಟಿ, ತುಟಿಯಲ್ಲಿ ಎರಡು ಗುಂಡುಸೂಜಿ. ಎರಡು ಕೋಣೆಗಳಿಗೂ ನಡುವೆ ಇರುವುದು ಬರೀ ಹಲಗೆಯ ಗೋಡೆ. ತಮ್ಮನ ಪಾಠವೆಲ್ಲ ಇವನ ಕಿವಿಗೂ ಬೀಳುತ್ತಿತ್ತು.

“ಬಿಡಿ ಯಜಮಾನ್ರೇ, ನಾನು ಗುಡಿಸ್ತೀನಿ.”

“ಬೇಡಪ್ಪ. ಕೈಗೆ ಏನಾದರೂ ಕೆಲಸ ಬೇಕು.”

ಅವನು ಸೂಜಿಗಳನ್ನು ತೆಗೆದು ಅಂಗಿಯ ಕಾಲರಿಗೆ ಚುಚ್ಚಿಕೊಂಡ. “ಈ ಸದ್ದಿಲ್ಲದೆ ನನಗೆ ಕೆಲಸವೇ ಸಾಗ್ತಿಲ್ಲ ನೋಡಿ. ಆ ಕೋರಸ್ಸಿಗೆ ಸರಿಯಾಗಿ ಪೆಡಲ್ ತುಳೀತಿದ್ದೆ. ಬ್ರೇಕ್ ಅಂತ ಮೇಷ್ಟ್ರು, ಬ್ರೋಕ್ ಬ್ರೋಕನ್ ಅಂತ ಇಡೀ ಕ್ಲಾಸು. ಅಷ್ಟರಲ್ಲಿ ನಂದೊಂದು ತೋಳು ಮುಗೀತಿತ್ತು.”

ಅವನು ಹೇಳಿದ್ದು ನಿಜ. ತಮ್ಮನ ಬಳಿ ಬರುತ್ತಿದ್ದವರು ಮಕ್ಕಳಲ್ಲ, ದುಡಿಯುವ ಜನ. ನರ್ಸು, ಡ್ರೈವರು, ಕರೆಂಟಿನ ಕೆಲಸದವರು, ಹೋಟೆಲಿನ ಮುಂಬಾಗಿಲಲ್ಲಿ ನಿಲ್ಲುವವರು. ಹೊರದೇಶದ ಕೆಲಸಕ್ಕೆ ಒಂದು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಮಿಕ್ಕಿದ್ದೆಲ್ಲ ಹೇಗೋ ಒಲಿಯುತ್ತಿತ್ತು. ನಿಯಮಕ್ಕೆ ಬಗ್ಗದ ಈ ಕ್ರಿಯಾಪದಗಳು ಮಾತ್ರ ಎಲ್ಲರನ್ನೂ ಬೀಳಿಸುತ್ತಿದ್ದವು. “ಇವಕ್ಕೆ ಸೂತ್ರ ಇಲ್ಲ. ನೆಂಟರನ್ನ ಗುರುತಿಟ್ಟುಕೊಂಡ ಹಾಗೆ ಒಂದೊಂದನ್ನೂ ಮುಖ ನೋಡಿ ಗುರುತಿಟ್ಟುಕೋಬೇಕು” ಎನ್ನುತ್ತಿದ್ದ ತಮ್ಮ. ಡ್ರೈವರನಿಗೆ ಕಟ್, ಕಟ್, ಕಟ್ ಎಂದರೆ ಪ್ರೀತಿ. “ಇವು ನಿಯತ್ತಿನವು ಸಾರ್, ಎಲ್ಲಿ ಹೋದರೂ ಮುಖ ಬದಲಾಯಿಸಲ್ಲ” ಎಂದು ಇಡೀ ತರಗತಿಯನ್ನು ನಗಿಸಿದ್ದ.

“ಆದರೆ ಕೊನೇ ದಿನದ ಪಾಠ ಸಪ್ಪೆ” ಎಂದ ಟೈಲರ್.

“ಏನಪ್ಪಾ ಹಾಗಂದರೆ?”

“ಮಧ್ಯಾಹ್ನ ಊಟ ಮುಗಿಸಿ ಬಂದು ನನ್ನ ಅಂಗಡಿ ಬಾಗಿಲು ತೆಗೀತೀನಿ, ಆಗಲೇ ಪಾಠ ಶುರುವಾಗಿತ್ತು. ಮೇಷ್ಟ್ರೇ ಕೇಳೋದು, ಸ್ವಲ್ಪ ಸುಮ್ಮನಿರೋದು, ಮೇಷ್ಟ್ರೇ ಹೇಳೋದು. ಅದು ಡ್ರೈವರ್ ಒಬ್ಬನಿಗೇ ಇಟ್ಟ ಪಾಠ ಅಲ್ವಾ, ಅವನು ಬಾಯಲ್ಲಿ ಏನು ತುಂಬ್ಕೊಂಡಿದ್ದನೋ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಬಾಡಿಗೆ ಸಿಕ್ಕಿ ಅವನು ಬಂದೇ ಇರಲಿಲ್ಲವಂತೆ. ಹೋಗಲಿ, ಬೇರೆ ಯಾರೋ ಕೂತಿದ್ದಾರು.”

ನಾನು ಪೊರಕೆಯನ್ನು ಬೆಂಚಿಗೆ ಒರಗಿಸಿದೆ.

“ಮೇಷ್ಟ್ರೇ ಹೇಳಿದ್ರಾ? ಎರಡನೆಯದೂ ಮೂರನೆಯದೂ?”

“ಹೂಂ. ಸಿಂಕ್ ಅಂದ್ರು, ಸುಮ್ಮನಾದ್ರು, ಸ್ಯಾಂಕ್ ಸಂಕ್ ಅಂದ್ರು. ಎಲ್ಲಾನೂ ಹಾಗೇ, ಒಂದೇ ಸಮ. ನಿಮ್ಮ ಮಗ ಮೆಟ್ಟಿಲು ಹತ್ತಿ ಬಂದು, ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಬಿರಬಿರನೆ ಇಳಿದುಹೋದ. ಸ್ವಲ್ಪ ಹೊತ್ತಿಗೆ ಮೇಷ್ಟ್ರ ದನಿ ನಿಂತಿತು, ಅವನು ಮತ್ತೆ ಹತ್ತಿ ಬಂದನೋ ಏನೋ ಮೆಷಿನ್ ಸದ್ದಿನಲ್ಲಿ ನನಗೆ ತಿಳೀಲಿಲ್ಲ. ಇದನ್ನೇ ಪೊಲೀಸರಿಗೂ ಹೇಳಿದ್ದೀನಿ. ಬೇಜಾರು ಮಾಡ್ಕೋಬೇಡಿ ಯಜಮಾನ್ರೇ, ಕಂಡದ್ದನ್ನ ಹೇಳದೆ ವಿಧಿ ಇರಲಿಲ್ಲ.”

ನಾನು ಬೇಜಾರು ಮಾಡಿಕೊಳ್ಳಲಿಲ್ಲ.

ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಕೆಲಸದಿಂದ ನಿವೃತ್ತನಾದ ಮೇಲೆ ಸಂಜೆ ಹೊತ್ತು ಕೊನೆಯ ಬೆಂಚಿನಲ್ಲಿ ಕೂತು ತಮ್ಮನನ್ನು ನೋಡಿದ್ದೇನೆ. ಅವನು ಉತ್ತರವನ್ನು ತಾನಾಗಿ ಹೇಳಿದ್ದನ್ನು ಒಮ್ಮೆಯೂ ಕೇಳಿಲ್ಲ. ಮೊದಲ ರೂಪ ಅವನದು, ಮುಂದಿನ ಎರಡೂ ಕಲಿಯುವವರದು. ಬರದಿದ್ದರೆ ಕಾಯುವನು. ರೂಲು ದೊಣ್ಣೆಯನ್ನು ಅಂಗೈಯಲ್ಲಿ ಉರುಳಿಸುತ್ತ, ಕಿಟಕಿಯಾಚೆ ನೋಡುತ್ತ, ಎದುರಿನವರ ಮುಖ ಕೆಂಪಾಗಿ, ಬೆವರಿ, ಕೊನೆಗೆ ಆ ಪದ ಎಲ್ಲಿಂದಲೋ ಎದ್ದು ಬರುವವರೆಗೆ ಕಾಯುವನು. ಒಮ್ಮೆ ಒಬ್ಬ ಮುದುಕ ಕಾವಲುಗಾರನ ಒಂದೇ ಪದಕ್ಕಾಗಿ ಪಾಠದ ಹೊತ್ತೆಲ್ಲ ಕಳೆದುಹೋಗಿತ್ತು. “ನಾನು ಹೇಳಿಕೊಟ್ಟರೆ ಅದು ನನ್ನದಾಗೇ ಉಳಿಯುತ್ತೆ ಅಣ್ಣ” ಎಂದಿದ್ದ.

ಅವನು ಉತ್ತರ ಹೇಳಿದ್ದು ಒಂದೇ ಕಡೆ.

*

“ಧ್ವನಿಮುದ್ರಣ” ಎಂದೆ ನಾನು. “ಟೈಲರ್ ಕೇಳಿದ್ದು ಪಾಠ ಅಲ್ಲ ತಾಯಿ, ಮೊದಲೇ ಮುದ್ರಿಸಿಟ್ಟ ದನಿ.”

ಇನ್ಸ್‌ಪೆಕ್ಟರಮ್ಮ ಬರೆಯುತ್ತಿದ್ದ ಪೆನ್ನಿನ ಮುಚ್ಚಳ ಹಾಕಿದರು. ಐವತ್ತರ ಆಸುಪಾಸಿನ ಹೆಂಗಸು. ನಿದ್ದೆಗೆಟ್ಟ ಕಣ್ಣು, ಮೇಜಿನ ಮೇಲೆ ಆರಿದ ಚಹಾ. ಆ ದಿನದಿಂದ ನಾನು ದಿನವೂ ಠಾಣೆಗೆ ಬಂದು ಈ ಕುರ್ಚಿಯಲ್ಲಿ ಕೂತು ಹೋಗುತ್ತಿದ್ದೆ. ಅವರು ಒಮ್ಮೆಯೂ ಗದರಿರಲಿಲ್ಲ.

“ಯಾರು ಮಾಡಿದ್ದು ಮುದ್ರಣ?”

“ನನ್ನ ಮಗ.”

ಹೇಳಿದ ಮೇಲೆ ಆ ಮಾತಿನ ಭಾರ ನನಗೇ ತಗುಲಿತು. ಮಗನನ್ನು ಎಳೆದು ದಡಕ್ಕೆ ಹಾಕಲು ತಂದ ಹಗ್ಗವನ್ನು ಅವನ ಕೊರಳಿಗೇ ಸುತ್ತಿದ ಹಾಗಾಯಿತು.

ಅವರು ನಗಲಿಲ್ಲ. “ಪೂರ್ತಿ ಹೇಳಿ.”

ಹೇಳಿದೆ. ಮಗನಿಗೆ ಧ್ವನಿಮುದ್ರಣ ಸ್ಟುಡಿಯೋದಲ್ಲಿ ಕೆಲಸ. ಚಿಕ್ಕಪ್ಪನ ಗಂಟಲು ಕೆಡುತ್ತಿದೆ, ಮೆಟ್ಟಿಲು ಹತ್ತಿ ಇಳಿದು ಮಂಡಿ ಸವೆದಿದೆ ಎಂಬ ಸಂಕಟ ಅವನಿಗೆ. ಪಾಠವನ್ನೆಲ್ಲ ಮುದ್ರಿಸಿಬಿಟ್ಟರೆ ಕಲಿಯುವವರು ಮನೆಯಲ್ಲೇ ಕೇಳಿಕೊಳ್ಳುತ್ತಾರೆ, ಚಿಕ್ಕಪ್ಪ ಆ ಕೋಣೆ ಬಿಟ್ಟುಕೊಡಬಹುದು ಎಂದು ಕಾಡಿಸಿ ಪೀಡಿಸಿ ಒಪ್ಪಿಸಿದ. ಅದರಲ್ಲಿ ಉತ್ತರಕ್ಕೆಂದು ಸ್ವಲ್ಪ ಜಾಗ ಬಿಟ್ಟು, ಆಮೇಲೆ ತಮ್ಮನೇ ಉತ್ತರ ಹೇಳುತ್ತಾನೆ. ಮುದ್ರಿಸಿದ್ದನ್ನು ಕೇಳಿಸಿದ ದಿನವೇ ಜಗಳವಾಯಿತು. “ನಾನು ಕಾಯೋ ಹಾಗೆ ನಿನ್ನ ಯಂತ್ರ ಕಾಯುತ್ತೇನೋ? ಅಳಿಸಿಹಾಕು ಇದನ್ನ” ಎಂದ ತಮ್ಮ.

“ಜಗಳದ ವಿಷಯ ನಮಗೆ ಗೊತ್ತು” ಎಂದರು ಇನ್ಸ್‌ಪೆಕ್ಟರಮ್ಮ. “ಅದಕ್ಕೇ ಅವನು ಒಳಗಿರೋದು. ಒಂದು ಮಾತು ಹೇಳಿ. ಆ ಕೋಣೆಗೆ ಚಿಲಕ ಹಾಕಿರಲಿಲ್ಲ. ದನಿ ಕೇಳಿಸ್ತಿತ್ತು. ಆದರೂ ಯಾರೂ ಬಾಗಿಲು ತೆಗೆದು ಇಣುಕಲಿಲ್ಲ. ಯಾಕೆ?”

“ಪಾಠ ನಡೆಯುವಾಗ ಬಾಗಿಲು ಮುಟ್ಟೋ ಹಾಗಿಲ್ಲ ತಾಯಿ. ತಡವಾಗಿ ಬಂದವರು ಮೆಟ್ಟಿಲ ಮೇಲೆ ಕೂತು ಕಾಯಬೇಕು. ಪದ ಹುಡುಕೋರ ಎದುರು ಬಾಗಿಲು ತೆಗೆದರೆ ಪದ ಹಾರಿಹೋಗುತ್ತೆ ಅಂತಿದ್ದ.”

“ಎಲ್ಲರಿಗೂ ಗೊತ್ತಾ ಇದು?”

“ಅಲ್ಲಿಗೆ ಬಂದುಹೋಗೋರಿಗೆಲ್ಲ ಗೊತ್ತು.”

ಅವರು ಎದ್ದು ಕಿಟಕಿಯ ಬಳಿ ಹೋದರು. “ಹಾಗಾದರೆ ದನಿ ಹಚ್ಚಿಟ್ಟವರು ಅಲ್ಲಿನ ಪದ್ಧತಿ ಬಲ್ಲವರು. ಯಂತ್ರ ಮಾತಾಡ್ತಿರೋವರೆಗೂ ಆ ಬಾಗಿಲಿಗೆ ಬೀಗವೇ ಬೇಕಿಲ್ಲ. ಟೈಲರ್ ಊಟಕ್ಕೆ ಹೋದಾಗ ಕೆಲಸ ಮುಗಿಸಿ, ದನಿ ಹಚ್ಚಿ, ಬಾಗಿಲು ಎಳ್ಕೊಂಡು ಹೊರಟುಹೋಗಿದ್ದಾರೆ. ಹಾಗಿದ್ದರೆ ಸಾವು ಆಗಿದ್ದು ನಾವು ಅಂದ್ಕೊಂಡಿದ್ದಕ್ಕಿಂತ ಮುಂಚೆ. ಆಗ ನಿಮ್ಮ ಮಗ ಕೆಲಸದಲ್ಲಿದ್ದ. ಅದಕ್ಕೆ ಅಲ್ಲಿನವರೆಲ್ಲ ಸಾಕ್ಷಿ.”

ನನ್ನ ಕಣ್ಣಲ್ಲಿ ನೀರು ಬಂತು.

“ಅಳಬೇಡಿ, ಇನ್ನೂ ಮುಗಿದಿಲ್ಲ. ಕೋಣೆಯಲ್ಲಿ ನಮಗೆ ಯಾವ ಯಂತ್ರವೂ ಸಿಗಲಿಲ್ಲ. ನಾವು ಬರೋಕೆ ಮುಂಚೆ ಹೆಣದ ಹತ್ತಿರ ಇದ್ದವರು ಯಾರೋ ಅದನ್ನ ಎತ್ತಿಕೊಂಡಿದ್ದಾರೆ. ಮಗನನ್ನ ಕರೆಸ್ತೀನಿ. ಅವನೇ ಹೇಳಲಿ, ಅದು ಯಾರ ಹತ್ತಿರ ಇತ್ತು ಅಂತ.”

*

ಮಗ ಬಂದ. ಗಡ್ಡ ಬೆಳೆದಿತ್ತು. ನನ್ನ ಕಾಲು ಮುಟ್ಟಲು ಬಗ್ಗಿದವನನ್ನು ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡೆ.

ಇನ್ಸ್‌ಪೆಕ್ಟರಮ್ಮ ನೇರವಾಗಿ ಕೇಳಿದರು. “ಬಾಗಿಲ ಹೊರಗೆ ನಿಂತಾಗ ನಿನಗೆ ಕೇಳಿಸಿದ್ದು ನೀನೇ ಮುದ್ರಿಸಿದ ದನಿ. ನಿನಗದು ಗೊತ್ತಾಗದೆ ಇರೋಕೆ ಸಾಧ್ಯ ಇಲ್ಲ. ಯಾಕೆ ಇಷ್ಟು ದಿನ ಬಾಯಿ ಬಿಡಲಿಲ್ಲ?”

ಅವನು ನನ್ನ ಕಡೆ ನೋಡಿದ. ಹೇಳು ಎಂದು ನಾನು ತಲೆಯಾಡಿಸಿದೆ.

“ಗೊತ್ತಾಯ್ತು” ಎಂದ ನಿಧಾನವಾಗಿ. “ಚಿಕ್ಕಪ್ಪ ಒಳಗೆ ಕೂತು ಬೇಕಂತಲೇ ಹಚ್ಚಿದ್ದಾರೆ ಅಂದ್ಕೊಂಡೆ. ನಾನು ಕ್ಷಮೆ ಕೇಳೋಕೆ ಬಂದಿದ್ದು. ಹೆಜ್ಜೆ ಸದ್ದು ಕೇಳಿ, ‘ತಗೋ, ನಿನ್ನ ಯಂತ್ರದ ಹತ್ತಿರವೇ ಮಾತಾಡು’ ಅಂತ ಹಂಗಿಸ್ತಿದ್ದಾರೆ ಅನ್ನಿಸ್ತು. ಅದಕ್ಕೇ ಬಿರಬಿರನೆ ಇಳಿದುಬಿಟ್ಟೆ.”

“ಆಮೇಲೆ? ಸತ್ತಿದ್ದಾರೆ ಅಂತ ಗೊತ್ತಾದ ಮೇಲೆ?”

ಅವನು ಮೇಜಿನ ಅಂಚನ್ನು ಉಗುರಿನಿಂದ ಗೀಚತೊಡಗಿದ.

“ಯಂತ್ರ ಎಲ್ಲಿತ್ತಪ್ಪಾ?”

“ಅಳಿಸಿಬಿಟ್ಟೆ. ಚಿಕ್ಕಪ್ಪ ಹೇಳಿದ್ದರು.”

“ಅಳಿಸಿದ್ದು ಬಾಗಿಲ ಹಿಂದೆ ಮಾತಾಡಲ್ಲ. ಇನ್ನೊಂದು ಪ್ರತಿ ಇತ್ತು. ಅದು ಯಾರ ಹತ್ತಿರ?”

“ಗೊತ್ತಿಲ್ಲ.”

“ಮಗಾ” ಎಂದೆ ನಾನು.

“ಗೊತ್ತಿಲ್ಲ ಅಪ್ಪ.”

ಇನ್ಸ್‌ಪೆಕ್ಟರಮ್ಮ ಕುರ್ಚಿಗೆ ಒರಗಿದರು. “ನನಗೂ ಇಂಗ್ಲಿಷ್‌ನ ಆ ಮೂರು ರೂಪ ಬಾಯಿಗೆ ಬರ್ತಿರಲಿಲ್ಲ. ಸ್ಕೂಲಿನಲ್ಲಿ ಬೆಂಚಿನ ಮೇಲೆ ನಿಲ್ಲಿಸ್ತಿದ್ದರು. ನಿಮ್ಮ ಚಿಕ್ಕಪ್ಪನ ಹಾಗೆ ಕಾಯೋರು ಸಿಕ್ಕಿದ್ದರೆ ಚೆನ್ನಾಗಿತ್ತು. ನನಗೆ ಅಷ್ಟು ತಾಳ್ಮೆ ಇಲ್ಲಪ್ಪ. ನಾಳೆ ಬೆಳಗ್ಗೆ ನಿನ್ನನ್ನ ಕೋರ್ಟಿಗೆ ಕರ್ಕೊಂಡು ಹೋಗಬೇಕು. ದನಿಯಂತ್ರದ ಗುರುತು ಹೇಳಿದರೆ ನಾನೇ ಬಿಡಿಸ್ತೀನಿ. ಹೇಳದಿದ್ದರೆ, ಮುದ್ರಿಸಿದವನೂ ನೀನು, ಜಗಳ ಆಡಿದವನೂ ನೀನು, ಬಾಗಿಲ ಮುಂದೆ ನಿಂತವನೂ ನೀನು. ನೀನೇ ಯಾರ ಕೈಲೋ ಹಚ್ಚಿಸಿದೆ ಅಂತಾರೆ.” ಚಹಾದ ಲೋಟ ಎತ್ತಿಕೊಂಡರು. “ಇದು ತಣ್ಣಗಾಗಿದೆ. ಬಿಸಿ ಮಾಡಿಸಿಕೊಂಡು ಬರ್ತೀನಿ.”

ಬೇಕೆಂದೇ ಹೊರಗೆ ಹೋದರು. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ.

“ಹೇಳು ಮಗಾ. ನಿನ್ನ ಚಿಕ್ಕಪ್ಪ ಹೋದ. ನೀನೂ ಹೋದರೆ ನಾನು ಯಾರ ಮುಖ ನೋಡಿಕೊಂಡು ಇರಲಿ?”

ಅವನು ನನ್ನ ಕೈ ಹಿಡಿದುಕೊಂಡ.

“ಅಪ್ಪ, ನೀವು ಇದನ್ನ ಅವರಿಗೆ ಹೇಳಬಾರದು.”

“ಯಾರ ಹತ್ತಿರ ಇತ್ತು?”

“ಅಳಿಸೋಕೆ ಮುಂಚೆ ಒಂದು ಪುಟ್ಟ ಪ್ಲೇಯರಿಗೆ ಹಾಕಿ ಕೊಟ್ಟಿದ್ದೆ. ಚಿಕ್ಕಪ್ಪನಿಗೆ ಗೊತ್ತಿಲ್ಲದ ಹಾಗೆ. ಹಗಲೆಲ್ಲ ಅವರು ಆ ಕೋಣೆಯಲ್ಲೇ ಇರ್ತಾರೆ, ಮನೆಯಲ್ಲಿ ದನಿಯಾದರೂ ಇರಲಿ ಅಂತ ಕೇಳಿದರು.”

“ಯಾರು ಕೇಳಿದ್ದು?”

“ಚಿಕ್ಕಮ್ಮ.”

ಆ ಮಾತನ್ನು ಅವನು ಉಸಿರಿನಲ್ಲೇ ಹೇಳಿದ. ಅವನ ತಾಯಿ ತೀರಿಕೊಂಡಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ಎತ್ತಿ ಸಾಕಿದವಳು ಇವಳು. ಅವನಿಗೆ ಜ್ವರ ಬಂದಾಗಲೆಲ್ಲ ಹಣೆಯ ಮೇಲಿದ್ದದ್ದು ಇವಳ ಕೈ.

“ಅವಳು ಹಾಗೆ ಮಾಡೋಳಲ್ಲ” ಎಂದೆ.

“ನನಗೂ ಗೊತ್ತು ಅಪ್ಪ. ಅದಕ್ಕೇ ಹೇಳ್ತಿಲ್ಲ.” ತಲೆ ತಗ್ಗಿಸಿದ. “ಕೇಳಿದರೆ ಏನು ಉತ್ತರ ಬರುತ್ತೋ ಅಂತ ಭಯ.”

*

ಡ್ರೈವರ್ ಠಾಣೆಯ ಎದುರು ಟ್ಯಾಕ್ಸಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಆ ದಿನದಿಂದ ನನ್ನನ್ನು ದಿನವೂ ಇಲ್ಲಿಗೆ ಕರೆತಂದು ಮನೆಗೆ ಬಿಡುತ್ತಿದ್ದವನು ಅವನೇ. ಬೇಡವೆಂದರೂ ಕೇಳುತ್ತಿರಲಿಲ್ಲ. “ಸಾರ್ ಋಣ ಹೀಗಾದರೂ ತೀರಲಿ” ಎನ್ನುತ್ತಿದ್ದ.

ಗಾಡಿ ಸ್ವಲ್ಪ ದೂರ ಹೋಗಿತ್ತು. ನನಗೆ ಒಳಗೇ ಇಟ್ಟುಕೊಳ್ಳಲಾಗಲಿಲ್ಲ. ತಮ್ಮನ ಹೆಂಡತಿಯ ಮಾತೊಂದನ್ನು ಬಿಟ್ಟು ಮಿಕ್ಕದ್ದನ್ನು ಹೇಳಿದೆ. ಟೈಲರ್ ಕೇಳಿದ್ದು ಮುದ್ರಿಸಿಟ್ಟ ದನಿಯಂತೆ, ಮಗ ನಿರಪರಾಧಿಯಂತೆ ಎಂದೆ.

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. “ರೆಕಾರ್ಡಾ? ಅಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ ದೊಡ್ಡ ಸಾರ್.”

“ನಿನಗೆ ಹೇಗೆ ಗೊತ್ತಿರುತ್ತಪ್ಪಾ.”

“ಇದ್ದಿದ್ದರೆ ನನಗೇ ಕೊಡಿ ಅಂತಿದ್ದೆ. ಎರಡು ಸಲ ಪರೀಕ್ಷೆ ಹೋಯ್ತು. ನಾನು ಪರೀಕ್ಷೆಗೆ ತಯಾರಿದ್ದೀನಿ ಅಂತ ಸಾರ್ ಒಂದು ಕಾಗದಕ್ಕೆ ಸಹಿ ಹಾಕಿಕೊಟ್ಟಿದ್ದರೆ ಮತ್ತೆ ಕೂರಬಹುದಿತ್ತು. ಪದಗಳು ಬರಲಿ, ಆಮೇಲೆ ಸಹಿ ಅಂದ್ರು. ಕಾಯ್ತೀನಿ ಅಂದ್ರು. ಅವರಿಗೇನು, ಅವರು ಕಾಯ್ತಾರೆ. ಕೆಲಸ ಕೊಡೋರು ಕಾಯ್ತಾರಾ?”

ಹೇಳಿ, ತಾನೇ ಸಣ್ಣಗೆ ನಕ್ಕ. ನಮ್ಮ ಬೀದಿಗೆ ತಿರುಗಬೇಕಾದ ಕಡೆ ತಿರುಗದೆ ನೇರವಾಗಿ ಹೋದ. ನಾನು ಹೇಳಿದ ಮೇಲೆ, “ಅಯ್ಯೋ, ಎಲ್ಲೋ ಯೋಚನೆ” ಎಂದು ಗಾಡಿ ಹಿಂದಕ್ಕೆ ತೆಗೆದ. ದಿನವೂ ಬರುವ ದಾರಿ.

*

ತಮ್ಮನ ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಳು.

“ಭಾವ, ಅವನು ಊಟ ಮಾಡಿದ್ನಾ?”

“ಮಾಡಿದನಮ್ಮ.”

“ಸುಳ್ಳು ಹೇಳ್ತೀರಿ. ನಿಮ್ಮ ಮುಖದಲ್ಲೇ ಕಾಣುತ್ತೆ.” ನೀರು ತಂದುಕೊಟ್ಟಳು. ಕುಡಿಯುವಾಗ ಲೋಟದ ಅಂಚಿನ ಮೇಲಿಂದ ಅವಳನ್ನು ನೋಡಿದೆ. ಆ ದಿನ ಮಧ್ಯಾಹ್ನ ಇವಳು ಮನೆಯಲ್ಲೇ ಇದ್ದಳೆಂದು ಪೊಲೀಸರಿಗೆ ಹೇಳಿದವನು ನಾನು. ನಾನು ಆಗ ಮಲಗಿದ್ದೆ. ಎದ್ದಾಗ ಇವಳು ಒದ್ದೆ ಸೆರಗಿನಲ್ಲಿ ಬಟ್ಟೆ ಹಿಂಡುತ್ತಿದ್ದಳು. ಎದ್ದಾಗ ಇದ್ದಳು, ಮಲಗಿದ್ದಾಗ ಎಲ್ಲಿದ್ದಳೋ ನನಗೆ ತಿಳಿಯದು. ಆ ಯೋಚನೆ ಬಂದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಯೋಚನೆ ಹೋಗಲಿಲ್ಲ.

ಲೋಟ ಕೆಳಗಿಟ್ಟೆ. “ತಾಯೀ, ನನ್ನ ಮಗ ನಿನಗೊಂದು ಪುಟ್ಟ ಪ್ಲೇಯರು ಕೊಟ್ಟಿದ್ದನಂತೆ. ಅವನ ಚಿಕ್ಕಪ್ಪನ ದನಿ ಇರೋದು. ಅದು ಎಲ್ಲಿದೆ?”

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ಅಂಜಿಕೆ ಕಾಣಲಿಲ್ಲ, ನಾಚಿಕೆ ಕಂಡಿತು.

“ಅದನ್ನ ನಾನು ಇಟ್ಕೋಬೇಕಿತ್ತು ಭಾವ. ಈಗ ಕೇಳಬೇಕು ಅನ್ನಿಸುತ್ತೆ. ಆ ದಿನದ ಹಿಂದಿನ ಸಂಜೆ ಕೊಟ್ಟುಬಿಟ್ಟೆ. ಪದಗಳು ತಲೆಗೆ ಹತ್ತುತ್ತಿಲ್ಲ ಅಮ್ಮ, ಸಾರ್ ಸಹಿ ಹಾಕ್ತಿಲ್ಲ ಅಂತ ಅಳೋ ಹಾಗೆ ಮಾತಾಡಿದ. ನೋಡೋಕಾಗಲಿಲ್ಲ. ಗಾಡಿ ಓಡಿಸ್ತಾ ಕೇಳ್ಕೋ, ಆದರೆ ಅವರಿಗೆ ಹೇಳಬೇಡ ಅಂದೆ.”

“ಯಾರಿಗೆ ಕೊಟ್ಟೆ?”

“ಡ್ರೈವರಿಗೆ.”

ಹೊರಗೆ ಹೆಜ್ಜೆ ಸಪ್ಪಳವಾಯಿತು. ಬಾಗಿಲು ತೆರೆದೇ ಇತ್ತು. ಡ್ರೈವರ್ ನನ್ನ ಬಟ್ಟೆಯ ಚೀಲ ಹಿಡಿದು ನಿಂತಿದ್ದ.

“ಗಾಡಿಯಲ್ಲೇ ಬಿಟ್ಟಿದ್ರಿ ದೊಡ್ಡ ಸಾರ್” ಎಂದ. ಆಮೇಲೆ ಅವಳ ಕಡೆ ತಿರುಗಿದ. “ಅಮ್ಮ, ನನಗೆ ಏನು ಕೊಟ್ರಿ ಅಂದ್ರಿ?”

“ಪ್ಲೇಯರಪ್ಪ. ಕರಿ ಬಣ್ಣದ್ದು. ನೀನು ಈಗ ನಿಂತಿದ್ದೀಯಲ್ಲ, ಅಲ್ಲೇ ನಿಂತು ಇಸ್ಕೊಂಡೆ.”

“ನಾನು ಇಸ್ಕೊಂಡಿಲ್ಲ.”

“ಸಾರ್‌ಗೆ ಗೊತ್ತಾಗಬಾರದು ಅಂತ ಅಂಗಿಯೊಳಗೆ ಇಟ್ಕೊಂಡೆ.”

“ಅಮ್ಮ.” ಅವನ ದನಿ ಮೆತ್ತಗಿತ್ತು, ಗೌರವಕ್ಕೆ ಕುಂದಿರಲಿಲ್ಲ. “ನೀವು ದುಃಖದಲ್ಲಿದ್ದೀರಿ. ಯಾರಿಗೋ ಕೊಟ್ಟಿರ್ತೀರಿ, ನೆನಪು ಅದಲುಬದಲಾಗಿದೆ. ಇಲ್ಲವಾದರೆ ಕೊಟ್ಟೇ ಇರೋದಿಲ್ಲ.”

“ಕೊಟ್ಟೇ ಇಲ್ಲ ಅಂದರೆ ಅದು ನನ್ನ ಹತ್ತಿರವೇ ಇತ್ತು ಅಂತಲಾ? ಏನು ಹೇಳ್ತಿದ್ದೀಯ ಅಂತ ನಿನಗೆ ಗೊತ್ತಾ?”

“ನನಗೆ ಗೊತ್ತು ಅಮ್ಮ. ನಿಮಗೆ ಗೊತ್ತಾ?”

ಯಾರೂ ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಒಬ್ಬಳು ನನ್ನ ಮಗನಿಗೆ ತಾಯಿಯಾದವಳು. ಒಬ್ಬ ತಮ್ಮನ ಕಾಲು ಹಿಡಿದು ಎತ್ತಿದವನು. ಆ ಕೋಣೆಯಲ್ಲಿ ಹೆಣದ ಒಂದೊಂದು ಬದಿಗೆ ಇದ್ದವರೂ ಇವರಿಬ್ಬರೇ.

ಡ್ರೈವರ್ ಚೀಲವನ್ನು ಕುರ್ಚಿಯ ಮೇಲಿಟ್ಟ. “ಬೆಳಗ್ಗೆ ಠಾಣೆಗೆ ಹೋಗಬೇಕಲ್ಲ ದೊಡ್ಡ ಸಾರ್. ಗಾಡಿ ತರಲಾ?”

ನಾನು ಚೀಲವನ್ನೇ ನೋಡಿದೆ. ಅವನು ಸ್ವಲ್ಪ ಹೊತ್ತು ಕಾದು, “ತರ್ತೀನಿ” ಎಂದು ಮೆಟ್ಟಿಲಿಳಿದ.

ತಮ್ಮನ ಹೆಂಡತಿ ಬಾಗಿಲು ಹಾಕಿ ಚಿಲಕ ಎಳೆದಳು. ಅದಕ್ಕೇ ಬೆನ್ನು ಕೊಟ್ಟು ನಿಂತಳು.

“ನಾಳೆ ಅವನ ಗಾಡಿ ಹತ್ತಬೇಡಿ ಭಾವ” ಎಂದಳು. ನನ್ನ ಮೌನವನ್ನು ಅವಳು ಓದಿಕೊಂಡಳು. ತುಟಿ ಬಿಗಿಯಿತು. “ಇಲ್ಲ, ಹತ್ತಿ. ನನ್ನ ಮೇಲೂ ನಿಮಗೆ ಅನುಮಾನ ಇದ್ದರೆ ಹತ್ತಿಯೇ ಹೋಗಿ” ಎಂದು ಒಳಗೆ ನಡೆದಳು.

ನಾನು ಇದ್ದ ಕಡೆಯೇ ಕಣ್ಣು ಮುಚ್ಚಿ ಕೈ ಜೋಡಿಸಿದೆ. ನಿತ್ಯ ಹೇಳುವ ಪ್ರಾರ್ಥನೆ ನಾಲಿಗೆಗೆ ಬರಲಿಲ್ಲ. ಬಂದ ಮಾತನ್ನೇ ಹೇಳಿದೆ.

ದೇವರೇ, ಬೆಳಗ್ಗೆ ಇನ್ಸ್‌ಪೆಕ್ಟರಮ್ಮನ ಎದುರು ಕೂತು ನಾನು ಒಂದು ಹೆಸರು ಹೇಳಬೇಕು. ಹೇಳಿದರೆ ನನ್ನ ಮಗ ಮನೆಗೆ ಬರುತ್ತಾನೆ. ತಪ್ಪು ಹೆಸರು ಹೇಳಿದರೆ ಇನ್ನೊಬ್ಬರ ಮನೆಯ ಬಾಗಿಲು ಮುಚ್ಚುತ್ತದೆ. ಯಾವುದು ಸರಿ ಎಂದು ನಿನ್ನನ್ನು ಕೇಳುವಷ್ಟು ಶಕ್ತಿಯೂ ಈಗ ನನ್ನಲ್ಲಿಲ್ಲ. ಕೇಳುವುದು ಇಷ್ಟೇ. ನನ್ನ ತಮ್ಮ ಕಡೆಯ ಗಳಿಗೆಯಲ್ಲಿ ತನ್ನ ಮುಂದೆ ನಿಂತವರ ಮುಖ ಕಂಡಿದ್ದಾನೆ. ಅವರು ತನ್ನವರೆಂದು ನಂಬಿಯೇ ಕಂಡಿದ್ದಾನೆ. ಆ ನೋವನ್ನು ಅವನಿಂದ ತೆಗೆದುಕೋ. ನಿಂತು ನಿಂತು ಸವೆದ ಅವನ ಮಂಡಿಗಳಿಗೆ ವಿಶ್ರಾಂತಿ ಕೊಡು. ಅವನ ಜೀವವನ್ನು ನಿನ್ನ ಬಳಿ ತಣ್ಣಗೆ ಇಟ್ಟುಕೋ ತಂದೆ, ಶಾಂತಿಯಿಂದ ಇಟ್ಟುಕೋ.